ಅಂಗೈಯಗಲದ ಮಿಗ್: ಜೆಟ್ ವಿಮಾನದ ಪ್ರತಿಕೃತಿ ಕಟ್ಟಿ ಬಣ್ಣ ಹಚ್ಚುವ ಬಗೆ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆಯು ಮಿಗ್-21 ಯುದ್ಧವಿಮಾನಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿತು. 1963ರಲ್ಲಿ ಈ ವಿಮಾನ ವಾಯುಪಡೆಯನ್ನು ಸೇರಿದ್ದು ಕೂಡ ಇದೇ ಚಂಡೀಗಢದಲ್ಲಿ. ಶಬ್ದದ ವೇಗವನ್ನು ಮೀರಿ ಹಾರಬಲ್ಲ ನಮ್ಮ ಮೊತ್ತಮೊದಲ ಯುದ್ಧವಿಮಾನವೆಂಬ ಹೆಗ್ಗಳಿಕೆ ಇದರದು. ಅರುವತ್ತೆರಡು ವರ್ಷಗಳ ಅವಧಿಯಲ್ಲಿ ನಾನಾ ಮಾದರಿಗಳ ಎಂಟುನೂರಕ್ಕೂ ಮಿಕ್ಕಿದ ಮಿಗ್-21ಗಳು ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಅವುಗಳ ಪೈಕಿ ಬಹುಪಾಲು ವಿಮಾನಗಳು ರೂಪುಗೊಂಡದ್ದು ಈ ನೆಲದಲ್ಲೇ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ನಾಸಿಕ್ ಘಟಕದಲ್ಲಿ ವಿಮಾನದ ಒಡಲು, ಒರಿಸ್ಸಾದ ಕೋರಾಪುಟ್‌ನಲ್ಲಿ ಎಂಜಿನ್, ಹೈದರಾಬಾದಿನಲ್ಲಿ ವಿದ್ಯುನ್ಮಾನ ಉಪಕರಣಗಳು ತಯಾರಾಗುತ್ತಿದ್ದವು.

ಆಗಸದಿಂದ ಮರೆಯಾದ ವಿಮಾನವನ್ನು ಇನ್ನು ಕಾಣಬೇಕಾದರೆ ವಸ್ತುಸಂಗ್ರಹಾಲಯಗಳಿಗೆ ಹೋಗಬೇಕು. ಇಲ್ಲವೇ ಹಳೆಯ ಛಾಯಾಚಿತ್ರಗಳನ್ನು ತಿರುವಿಹಾಕಬೇಕು. ಮೂರನೆಯ ದಾರಿಯೊಂದು ಉಂಟು. ಅದೆಂದರೆ, ಆ ವಿಮಾನವನ್ನು ನಮ್ಮ ಮೇಜಿನ ಮೇಲೆ ನಾವೇ ಕಟ್ಟುವುದು. ಅಳತೆಗೆ ಸರಿಯಾಗಿ ಕುಗ್ಗಿಸಿದ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಚಿಹ್ನೆಗಳನ್ನು ಅಂಟಿಸಿ ನಿಲ್ಲಿಸುವ ಈ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲೂ ಜಪಾನಿನಲ್ಲೂ ಬಹಳ ಹಿಂದಿನಿಂದ ಬೇರೂರಿದೆ. ನಮ್ಮಲ್ಲಿ ಅದನ್ನು ಇಂದಿಗೂ ಮಕ್ಕಳ ಆಟಿಕೆಯೆಂದೇ ಹೆಚ್ಚಿನವರು ಬಗೆಯುತ್ತಾರೆ. ಅದು ಆಟಿಕೆಯಲ್ಲ, ವಿಮಾನವೊಂದನ್ನು ಸಾಲುಸಾಲಾಗಿ ಓದುವ ಒಂದು ಕ್ರಮ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ನಮ್ಮ ಉದಾಹರಣೆ ಮಿಗ್-21.

ಅಳತೆಯ ಲೆಕ್ಕಾಚಾರ

ಪ್ರತಿಕೃತಿಯ ಪೆಟ್ಟಿಗೆಗಳ ಮೇಲೆ 1/72, 1/48, 1/32 ಎಂಬ ಭಿನ್ನರಾಶಿಗಳು ಅಚ್ಚಾಗಿರುತ್ತವೆ. ಮೊದಲ ನೋಟಕ್ಕೆ ಇವು ಮನಬಂದಂತೆ ಆರಿಸಿದ ಅಂಕಿಗಳಂತೆ ಕಂಡರೂ ಇವುಗಳ ಮೂಲ ಇಂಗ್ಲಿಷರ ಅಡಿ-ಇಂಚುಗಳ ಲೆಕ್ಕದಲ್ಲಿದೆ. ನಿಜವಾದ ವಿಮಾನದ 6 ಅಡಿಯನ್ನು 1 ಇಂಚಿಗೆ ಇಳಿಸಿದರೆ 1/72. 1 ಅಡಿಯನ್ನು ಕಾಲು ಇಂಚಿಗೆ ಇಳಿಸಿದರೆ 1/48. ಮಿಗ್-21ರ ರೆಕ್ಕೆಗಳ ತುದಿಯಿಂದ ತುದಿಗೆ ಇರುವ ಅಗಲ 7.15 ಮೀಟರ್. 1/72ರಲ್ಲಿ ಅದು ಹೆಚ್ಚುಕಡಿಮೆ 10 ಸೆಂಟಿಮೀಟರ್ ಆಗುತ್ತದೆ, 1/48ರಲ್ಲಿ 15 ಸೆಂಟಿಮೀಟರ್. ಮಹಾನಗರದ ಸಣ್ಣ ಮನೆಯ ಪುಸ್ತಕದ ಕಪಾಟಿನಲ್ಲೂ ಇದಕ್ಕೆ ಧಾರಾಳವಾಗಿ ಸ್ಥಳ ದೊರೆಯುತ್ತದೆ.

ಈ ಕಲೆಗೆ ಗಂಭೀರವಾದ ಇತಿಹಾಸವೂ ಇದೆ. ಬ್ರಿಟನ್ನಿನ ಫ್ರಾಗ್ ಸಂಸ್ಥೆ 1936ರಲ್ಲೇ 1/72 ಅಳತೆಯ ಪ್ಲಾಸ್ಟಿಕ್ ಕಿಟ್ಟುಗಳನ್ನು ಮಾರುಕಟ್ಟೆಗೆ ತಂದಿತ್ತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆಯು 50 ಬಗೆಯ ವಿಮಾನಗಳ ತಲಾ 10,000 ಪ್ರತಿಕೃತಿಗಳನ್ನು, ಅಂದರೆ ಒಟ್ಟು 5 ಲಕ್ಷ ಪ್ರತಿಕೃತಿಗಳನ್ನು ಮಾಡಿಕೊಡುವಂತೆ ದೇಶದ ಶಾಲಾಮಕ್ಕಳನ್ನು ಕೋರಿತು. ಮರದಲ್ಲಿ ಕೆತ್ತಬೇಕಾಗಿದ್ದ ಅವುಗಳ ಅಳತೆಯೂ 1/72. ಆಗಸದಲ್ಲಿ ಕಂಡ ವಿಮಾನ ಮಿತ್ರರದೋ ಶತ್ರುಗಳದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸಲು ಸೈನಿಕರಿಗೆ ಕಲಿಸುವುದು ಇದರ ಉದ್ದೇಶ. ರೆಕ್ಕೆಯ ವಾರೆ ತುಸು ತಪ್ಪಿದರೂ ಗುರುತು ತಪ್ಪುತ್ತದೆ, ಗುರುತು ತಪ್ಪಿದರೆ ತಮ್ಮವರ ಪ್ರಾಣವೇ ಹೋದೀತು. ಪ್ರತಿಕೃತಿಯಲ್ಲಿ ನಿಖರತೆಯ ಮಾತು ಹುಟ್ಟಿದ್ದು ಬರಿಯ ಅಂದಚಂದಕ್ಕಾಗಿ ಅಲ್ಲ ಎನ್ನಲು ಇದೊಂದು ನಿದರ್ಶನ ಸಾಕು.

ಯಾವ ಮಿಗ್?

"ಮಿಗ್-21 ಮಾಡುತ್ತೇವೆ" ಎಂದರೆ ಉತ್ತರ ಪೂರ್ಣವಾಗುವುದಿಲ್ಲ. ಯಾವ ಮಾದರಿ, ಯಾವ ವರ್ಷ, ಸಾಧ್ಯವಾದರೆ ಯಾವ ಸಂಖ್ಯೆಯ ವಿಮಾನ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಮ್ಮ ವಾಯುಪಡೆಯಲ್ಲಿದ್ದ ಎಫ್‌ಎಲ್, ಎಂ, ಬಿಸ್, ಬೈಸನ್ ಮಾದರಿಗಳು ದೂರದಿಂದ ಅಣ್ಣತಮ್ಮಂದಿರಂತೆ ಕಂಡರೂ ಹತ್ತಿರದಿಂದ ನೋಡುವವರಿಗೆ ವ್ಯತ್ಯಾಸಗಳು ಸ್ಪಷ್ಟವಾಗುತ್ತವೆ. ಎಫ್‌ಎಲ್ ಮಾದರಿಯ ಬೆನ್ನು ತೆಳ್ಳಗಿದೆ, ಬಿಸ್ ಮಾದರಿಯ ಬೆನ್ನು ಉಬ್ಬಿಕೊಂಡಿದೆ. ವೇಗವನ್ನು ಅಳೆಯುವ ಉದ್ದನೆಯ ಸೂಜಿಯಂತಹ ಕೊಳವೆ ಎಫ್‌ಎಲ್‌ನಲ್ಲಿ ಮೂಗಿನ ನಡುನೆತ್ತಿಯ ಮೇಲಿದ್ದರೆ, ಬಿಸ್‌ನಲ್ಲಿ ಬಲಕ್ಕೆ ಸರಿದಿದೆ. ಪೈಲಟ್ ಕುಳಿತುಕೊಳ್ಳುವ ಜಾಗದ ಗಾಜಿನ ಮುಚ್ಚಳ ಎಫ್‌ಎಲ್‌ನಲ್ಲಿ ಹಿಂಬದಿಯಿಂದ ಮೇಲೆದ್ದು ಮುಂದಕ್ಕೆ ಬಾಗುತ್ತದೆ. ಬಿಸ್‌ನಲ್ಲಿ ಬಲಪಕ್ಕಕ್ಕೆ ತೆರೆದುಕೊಳ್ಳುತ್ತದೆ.

ಈ ಲೇಖನದ ಮಟ್ಟಿಗೆ ನಾವು 1971ರ ಯುದ್ಧಕಾಲದ ಎಫ್‌ಎಲ್ ಮಾದರಿಯನ್ನು ಆರಿಸಿಕೊಂಡಿದ್ದೇವೆ. ಆ ವರ್ಷದ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ದಾಳಿ ನಡೆಸಿದ್ದು ಈ ಮಾದರಿಯ ವಿಮಾನಗಳು. ಎರಡು ದಿನ ಮೊದಲು, ಡಿಸೆಂಬರ್ 12ರಂದು, ಗುಜರಾತಿನ ಜಾಮ್‌ನಗರದ ಕಡೆ ಪಾಕಿಸ್ತಾನದ ಎಫ್-104 ವಿಮಾನವನ್ನು ಹೊಡೆದುರುಳಿಸಿದ್ದೂ ಇದೇ ಮಾದರಿ. ಎಫ್‌ಎಲ್‌ನಲ್ಲಿ ಒಡಲೊಳಗೆ ಫಿರಂಗಿ ಇರಲಿಲ್ಲ. ಹೊಟ್ಟೆಯ ಕೆಳಗೆ ಬೇರೆಯಾಗಿ ಕಟ್ಟುವ ಫಿರಂಗಿ ಗೂಡನ್ನು ಅಳವಡಿಸಲಾಗಿತ್ತು. ಆದ್ದರಿಂದ 1971ರ ವಿಮಾನ ಮಾಡುವವರು ಆ ಗೂಡನ್ನು ಮರೆಯುವಂತಿಲ್ಲ. 2013ರ ಡಿಸೆಂಬರಿನಲ್ಲಿ ಎಫ್‌ಎಲ್ ಮಾದರಿ ಸೇವೆಯಿಂದ ನಿವೃತ್ತವಾಯಿತು.

ಕಿಟ್ಟುಗಳ ವಿಷಯದಲ್ಲಿ ಚೆಕ್ ದೇಶದ ಎಡುವರ್ಡ್ ಸಂಸ್ಥೆ 1/48 ಹಾಗೂ 1/72 ಎರಡೂ ಅಳತೆಗಳಲ್ಲಿ ಮಿಗ್-21ಗಳನ್ನು ತಂದಿದೆ. ಎಫ್‌ಎಲ್ ಎಂಬುದು ಸೋವಿಯತ್ ಪಿಎಫ್ ಮಾದರಿಯ ರಫ್ತು ರೂಪವಾದ ಕಾರಣ, ಪಿಎಫ್ ಕಿಟ್ಟನ್ನು ಆಧಾರವಾಗಿಟ್ಟುಕೊಂಡು ಛಾಯಾಚಿತ್ರಗಳೊಡನೆ ಹೋಲಿಸಿ ತಿದ್ದಿಕೊಳ್ಳಬಹುದು. ನಿಜವಾದ ವಿಮಾನವನ್ನು ಕಣ್ಣಾರೆ ನೋಡಬಯಸುವವರು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯಕ್ಕೋ, ಊರಿಗೆ ಹೋದಾಗ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೋ ಭೇಟಿ ನೀಡಬಹುದು. ಮುಂಬಯಿಯವರಿಗೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಎಚ್‌ಎಫ್-24 ಮರುತ್ ವಿಮಾನವಿದೆ. ಅದು ಮಿಗ್ ಅಲ್ಲವಾದರೂ, ಲೋಹದ ಹಾಳೆಗಳು ಎಲ್ಲಿ ಕೂಡುತ್ತವೆ, ರಿವೆಟ್ಟುಗಳ ಸಾಲು ಹೇಗೆ ಓಡುತ್ತದೆ ಎಂಬುದನ್ನು ತಿಳಿಯಲು ಅದರ ಸುತ್ತ ಒಂದು ಸುತ್ತು ಹಾಕಿದರೂ ಸಾಕು.

ಸಲಕರಣೆಗಳು

ಆರಂಭಕ್ಕೆ ಬೇಕಾದದ್ದು ಹೆಚ್ಚಿಲ್ಲ. ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಲು ಸಣ್ಣ ಕಟಿಂಗ್ ಪ್ಲೈಯರ್, ಹರಿತವಾದ ಬ್ಲೇಡು, ಚಿಮಟ, 400ರಿಂದ 1500ರವರೆಗಿನ ನಾನಾ ದರ್ಜೆಯ ಉಪ್ಪುಕಾಗದ, ಮಾಸ್ಕಿಂಗ್ ಟೇಪು, ಒಳ್ಳೆಯ ಬೆಳಕು. ಅಂಟಿನಲ್ಲಿ ಮೂರು ಬಗೆಯವು ಅಗತ್ಯ. ಒಂದು, ನೀರಿನಂತೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟು. ಇದು ನಿಜಕ್ಕೂ ಅಂಟಲ್ಲ, ದ್ರಾವಕ. ಎರಡು ಭಾಗಗಳನ್ನು ಒತ್ತಿಹಿಡಿದು ಸಂದಿಗೆ ಕುಂಚದ ತುದಿಯನ್ನು ತಾಗಿಸಿದರೆ ಅದು ತಾನಾಗಿ ಒಳಕ್ಕೆ ಹರಿದು, ಎರಡೂ ಕಡೆಯ ಪ್ಲಾಸ್ಟಿಕನ್ನು ಕರಗಿಸಿ ಒಂದಾಗಿಸುತ್ತದೆ. ಎರಡು, ಲೋಹದ ಹಾಗೂ ರಾಳದ ಭಾಗಗಳಿಗೆ ಸೂಪರ್ ಗ್ಲೂ. ಮೂರು, ಪಾರದರ್ಶಕ ಭಾಗಗಳಿಗೆ ಮರಗೆಲಸದವರು ಬಳಸುವ ಬಿಳಿಯ ಅಂಟು. ಸೂಪರ್ ಗ್ಲೂವಿನ ಆವಿ ತಾಗಿದರೆ ಗಾಜಿನಂತಹ ಮುಚ್ಚಳ ಮಂಜುಗಟ್ಟಿ ಕೆಡುತ್ತದೆ.

ಇವುಗಳಲ್ಲಿ ಹಲವು ದ್ರಾವಕಗಳ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಬಣ್ಣ ಸಿಂಪಡಿಸುವಾಗ ಮುಖಕ್ಕೆ ತಕ್ಕ ಮಾಸ್ಕ್ ಇರಬೇಕು, ಅಡುಗೆಮನೆಯ ಒಲೆಯ ಸಮೀಪ ಈ ಕೆಲಸ ಕೂಡದು. ಮಕ್ಕಳು ಜೊತೆಗೆ ಕುಳಿತರೆ ಸಂತೋಷವೇ. ಬ್ಲೇಡು ಮತ್ತು ಥಿನ್ನರ್ ಮಾತ್ರ ಹಿರಿಯರ ಕೈಯಲ್ಲಿರಲಿ.

ಜೋಡಣೆ: ಒಳಗಿನಿಂದ ಹೊರಗೆ

ವಿಮಾನದ ಪ್ರತಿಕೃತಿ ಆರಂಭವಾಗುವುದು ಪೈಲಟ್ಟಿನ ಆಸನದಿಂದ. ಒಡಲಿನ ಎರಡು ಹೋಳುಗಳನ್ನು ಮುಚ್ಚಿದ ಬಳಿಕ ಒಳಗೆ ಕುಂಚ ಹೋಗಲಾರದು. ಹೀಗಾಗಿ ಕಾಕ್‌ಪಿಟ್ಟನ್ನು ಮೊದಲೇ ಪೂರ್ಣಗೊಳಿಸಿ, ಬಣ್ಣ ಹಚ್ಚಿ ಒಣಗಿಸಬೇಕು. ಸೋವಿಯತ್ ವಿಮಾನಗಳ ಕಾಕ್‌ಪಿಟ್ಟಿಗೆ ಕಣ್ಣಿಗೆ ಹಿತವಾದ ನೀಲಿ-ಹಸಿರು ಬಣ್ಣ ಪ್ರಸಿದ್ಧವಾದದ್ದು. ಮೊದಮೊದಲ ಮಾದರಿಗಳಲ್ಲಿ ಬೂದು ಬಣ್ಣವೂ ಇತ್ತು. ನಾವು ಆರಿಸಿದ ವಿಮಾನದ ಛಾಯಾಚಿತ್ರವೇ ಇಲ್ಲಿ ಅಂತಿಮ ಪ್ರಮಾಣ.

ಮಿಗ್-21ರ ಉಪಕರಣ ಫಲಕದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿಯ ಗೆರೆ ಎಳೆದಿರುತ್ತದೆ. 1/48ರ ಅಳತೆಯಲ್ಲಿ ಅದು ಒಂದು ಎಳೆಯಷ್ಟೇ ದಪ್ಪ. ಅಲಂಕಾರದಂತೆ ಕಾಣುವ ಈ ಗೆರೆಯ ಪ್ರಯೋಜನವನ್ನು ಲೇಖನದ ಕೊನೆಗೆ ಹೇಳುತ್ತೇವೆ. ಸದ್ಯಕ್ಕೆ ಅತಿ ಸಣ್ಣ ಕುಂಚದಿಂದ ಅದನ್ನು ಎಳೆದಿಡೋಣ.

ಎರಡನೆಯ ಹೆಜ್ಜೆ ಮೂಗಿಗೆ ಭಾರ ಹಾಕುವುದು. ಈ ವಿಮಾನ ಮೂರು ಗಾಲಿಗಳ ಮೇಲೆ ನಿಲ್ಲುತ್ತದೆ. ಭಾರದ ಕೇಂದ್ರವು ಹಿಂದಿನ ಎರಡು ಗಾಲಿಗಳಿಗಿಂತ ಮುಂದಿದ್ದರೆ ಮಾತ್ರ ಅದು ಸರಿಯಾಗಿ ನಿಂತೀತು. ಟೊಳ್ಳಾದ ಪ್ಲಾಸ್ಟಿಕ್ ಒಡಲಿನಲ್ಲಿ ತ್ರಿಕೋನದ ರೆಕ್ಕೆಯ ಹಿಂಭಾಗವೂ ಬಾಲವೂ ಸೇರಿ ಹಿಂದಕ್ಕೆ ತೂಗುತ್ತವೆ. ಗಾಳಿ ಒಳಸೇರುವ ಬಾಯಿಯ ನಡುವೆ ಇರುವ ಶಂಕುವಿನ ಪೊಳ್ಳಿನೊಳಗೆ ಮೀನು ಹಿಡಿಯುವವರು ಬಳಸುವ ಸಣ್ಣ ಸೀಸದ ಗುಂಡುಗಳನ್ನು ತುಂಬಿ ಅಂಟಿಸಿದರೆ ತೊಂದರೆ ನಿವಾರಣೆಯಾಗುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದು ಕಡ್ಡಾಯ. ಒಡಲನ್ನು ಅಂಟಿಸುವ ಮೊದಲು ಎಲ್ಲವನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಕಟ್ಟಿ, ಹಿಂಗಾಲಿಗಳ ಜಾಗದಲ್ಲಿ ಬೆರಳಿಟ್ಟು ತೂಗಿನೋಡಿದರೆ ಭಾರ ಸಾಕೋ ಬೇಕೋ ತಿಳಿಯುತ್ತದೆ.

ಮಿಗ್-21ರ ಒಡಲು ಒಂದು ಕೊಳವೆ. ಬಲ ಮತ್ತು ಎಡದ ಹೋಳುಗಳು ಕೂಡುವ ಗೆರೆ ಬೆನ್ನು ಹೊಟ್ಟೆಗಳ ನಟ್ಟನಡುವೆ ಹಾದುಹೋಗುತ್ತದೆ. ನಿಜವಾದ ವಿಮಾನದಲ್ಲಿ ಇಂತಹ ಬಿರುಕು ಇಲ್ಲ. ಅದನ್ನು ಅಳಿಸಲು ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. 400ರಿಂದ ಆರಂಭಿಸಿ ಒಂದೊಂದೇ ದರ್ಜೆ ಏರುತ್ತ 1500ರವರೆಗೆ. ಬಳಿಕ ತೆಳುವಾಗಿ ಪ್ರೈಮರ್ ಸಿಂಪಡಿಸಿದರೆ ಉಳಿದ ಗೀರುಗಳೆಲ್ಲ ಎದ್ದುಕಾಣುತ್ತವೆ. ಮತ್ತೆ ತುಂಬಿ, ಮತ್ತೆ ಉಜ್ಜಬೇಕು. ಲೆಕ್ಕ ತಾಳೆಯಾಗುವವರೆಗೆ ಖಾತೆಪುಸ್ತಕ ಮುಚ್ಚದಿರುವುದನ್ನು ಬ್ಯಾಂಕಿನ ಕೆಲಸ ನಮಗೆ ಕಲಿಸಿದೆ. ಇಲ್ಲಿಯೂ ಅದೇ ನಿಯಮ. ಲೋಹದ ಬಣ್ಣದ ವಿಮಾನಕ್ಕಂತೂ ಈ ಹಂತ ಅತಿ ಮುಖ್ಯ. ಬೂದು ಬಣ್ಣ ಸಣ್ಣಪುಟ್ಟ ಲೋಪಗಳನ್ನು ಮರೆಮಾಚೀತು, ಬೆಳ್ಳಿಬಣ್ಣ ಅವನ್ನು ಎತ್ತಿ ತೋರಿಸುತ್ತದೆ.

ಉಜ್ಜುವಾಗ ಲೋಹದ ಹಾಳೆಗಳು ಕೂಡುವ ಗೆರೆಗಳೂ ಕೆಲವೆಡೆ ಅಳಿಸಿಹೋಗುತ್ತವೆ. ಅವನ್ನು ಸೂಜಿಯಂತಹ ಉಪಕರಣದಿಂದ ಮತ್ತೆ ಕೆತ್ತಬೇಕು. ಇಲ್ಲೊಂದು ಲೆಕ್ಕ ನೆನಪಿಡತಕ್ಕದ್ದು. 1/72ರಲ್ಲಿ ಕಾಲು ಮಿಲಿಮೀಟರ್ ಅಗಲದ ಗೆರೆ ನಿಜವಾದ ವಿಮಾನದಲ್ಲಿ 18 ಮಿಲಿಮೀಟರ್ ಆಗುತ್ತದೆ. ಅಷ್ಟು ಅಗಲದ ಸಂದಿಯಿರುವ ವಿಮಾನ ಹಾರಲಾರದು! ಗೆರೆ ಎಷ್ಟು ತೆಳುವೋ ಅಷ್ಟು ಸತ್ಯಕ್ಕೆ ಹತ್ತಿರ.

ಪ್ರತಿ ಬಣ್ಣಕ್ಕೂ ಒಂದು ಕಾರಣ

ಬಣ್ಣ ಹಚ್ಚುವುದೆಂದರೆ ಕಿಟ್ಟಿನ ಸೂಚನಾಪತ್ರ ಹೇಳಿದಂತೆ ಬಳಿಯುವುದಲ್ಲ. ವಿಮಾನದ ಮೇಲಿನ ಪ್ರತಿ ಬಣ್ಣದ ಹಿಂದೆ ಎಂಜಿನಿಯರ್ ಒಬ್ಬನ ಕಾರಣವಿರುತ್ತದೆ. ಕಾರಣ ತಿಳಿದರೆ ಬಣ್ಣ ತಪ್ಪುವುದಿಲ್ಲ.

1971ರ ಹೊತ್ತಿನಲ್ಲಿ ಎಫ್‌ಎಲ್ ವಿಮಾನಗಳ ಸಾಮಾನ್ಯ ರೂಪ ಬೆಳ್ಳಿಯಂತೆ ಹೊಳೆಯುವ ಲೋಹದ ಮೈ. ಎತ್ತರದಲ್ಲಿ ಅತಿವೇಗವಾಗಿ ಹಾರಿ ಶತ್ರುವಿಮಾನವನ್ನು ತಡೆಯುವುದು ಅದರ ಮೂಲ ಕೆಲಸವಾದ್ದರಿಂದ ಮರೆಬಣ್ಣದ ಅಗತ್ಯ ಅಷ್ಟಾಗಿ ಇರಲಿಲ್ಲ. ಯುದ್ಧಕಾಲದಲ್ಲಿ ನೆಲದ ಮೇಲೆ ನಿಂತಾಗ ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಕೆಲವು ವಿಮಾನಗಳಿಗೆ ಹಸಿರು-ಕಂದು ಮರೆಬಣ್ಣ ಬಳಿಯಲಾಯಿತು. ಈ ಬೆಳ್ಳಿಯ ಮೈಯ ನಡುವೆ ಮೂಗಿನ ಶಂಕು ಮತ್ತು ಬಾಲದ ತುದಿ ಮಾತ್ರ ಹಸಿರು. ಏಕೆಂದರೆ ಶಂಕುವಿನೊಳಗೆ ರೇಡಾರ್ ಇದೆ, ಬಾಲದ ತುದಿಯೊಳಗೆ ರೇಡಿಯೋ ಆಂಟೆನಾ ಇದೆ. ಲೋಹ ರೇಡಿಯೋ ಅಲೆಗಳನ್ನು ತಡೆಯುವುದರಿಂದ ಆ ಭಾಗಗಳನ್ನು ಬೇರೆ ವಸ್ತುವಿನಿಂದ ಮಾಡಿ ಬಣ್ಣ ಹಚ್ಚಿದ್ದಾರೆ. ಗಾಲಿಗಳ ನಡುಭಾಗವೂ ಎಳೆಹಸಿರು. ಬಾಲದ ಕೊನೆಯ ಭಾಗ ಎಂಜಿನ್ನಿನ ಬೆಂಕಿಯ ಬಿಸಿಗೆ ಸಿಕ್ಕು ಕಂದು-ನೀಲಿ ಛಾಯೆಗೆ ತಿರುಗಿರುತ್ತದೆ. ಮುಂಭಾಗದ ಅಲ್ಯೂಮಿನಿಯಂ ತಿಳಿಯಾಗಿಯೂ ಹಿಂಭಾಗದ ಲೋಹ ಮಂಕಾಗಿಯೂ ಇರಬೇಕಾದ ಕಾರಣ ಇದೇ.

ಲೋಹದ ಹೊಳಪು ಬರಲು ಮೊದಲು ಇಡೀ ಮೈಗೆ ಹೊಳೆಯುವ ಕಪ್ಪು ಬಣ್ಣವನ್ನು ಸಿಂಪಡಿಸಿ, ಚೆನ್ನಾಗಿ ಒಣಗಿದ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಅತಿ ತೆಳುವಾಗಿ ಹಲವು ಸಲ ಸಿಂಪಡಿಸುತ್ತಾರೆ. ಕೆಳಗಿನ ಕಪ್ಪು ನುಣುಪಾಗಿದ್ದಷ್ಟೂ ಮೇಲಿನ ಲೋಹ ಹೊಳೆಯುತ್ತದೆ. ಅನಂತರ ಕೆಲವು ಫಲಕಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ಆ ಫಲಕಗಳಿಗೆ ತುಸು ಬೇರೆ ಛಾಯೆಯ ಬೆಳ್ಳಿ ಕೊಟ್ಟರೆ ಬೇರೆ ಬೇರೆ ಹಾಳೆಗಳನ್ನು ಜೋಡಿಸಿ ಮಾಡಿದ ವಿಮಾನ ಎಂಬ ಭಾವನೆ ಮೂಡುತ್ತದೆ. ಟೇಪನ್ನು ಮೊದಲು ಅಂಗೈಗೆ ಒಮ್ಮೆ ಅಂಟಿಸಿ ಅದರ ಬಿಗಿಯನ್ನು ಕುಗ್ಗಿಸಿಕೊಂಡರೆ, ಕೀಳುವಾಗ ಕೆಳಗಿನ ಬಣ್ಣ ಎದ್ದುಬರುವುದಿಲ್ಲ.

ಈ ಕೆಲಸಕ್ಕೆ ಕುಂಚಕ್ಕಿಂತ ಏರ್‌ಬ್ರಷ್ ಉತ್ತಮ. 0.2 ಅಥವಾ 0.3 ಮಿಲಿಮೀಟರ್ ರಂಧ್ರದ ಏರ್‌ಬ್ರಷ್, ಸಣ್ಣ ಕಂಪ್ರೆಸರ್, ಹಾಲಿನಷ್ಟು ತೆಳುವಾಗಿ ಕಲಸಿದ ಬಣ್ಣ ಇವಿಷ್ಟಿದ್ದರೆ ಸಾಕು. ತೆಳುತನಕ್ಕೆ ಇಷ್ಟು ಒತ್ತು ಏಕೆಂದರೆ, 1/72ರಲ್ಲಿ ಹತ್ತನೇ ಒಂದು ಮಿಲಿಮೀಟರ್ ದಪ್ಪದ ಬಣ್ಣವೆಂದರೆ ನಿಜವಾದ ವಿಮಾನದ ಮೇಲೆ 7 ಮಿಲಿಮೀಟರ್ ದಪ್ಪದ ಗಾರೆ ಮೆತ್ತಿದಂತೆ.

ಬಣ್ಣಗಳ ಅನುಕ್ರಮಕ್ಕೂ ನಿಯಮವಿದೆ. ಮೇಲಿನ ಪದರದ ದ್ರಾವಕ ಕೆಳಗಿನ ಪದರವನ್ನು ಕರಗಿಸಬಾರದು. ಆದ್ದರಿಂದ ತೀಕ್ಷ್ಣ ದ್ರಾವಕದ ಲ್ಯಾಕರ್ ಕೆಳಗೆ, ಅದರ ಮೇಲೆ ಅಕ್ರಿಲಿಕ್, ಕೊನೆಗೆ ಎನಾಮೆಲ್ ಅಥವಾ ತೈಲವರ್ಣ.

ಊರಿನ ಹವೆಯನ್ನೂ ಗಮನಿಸಬೇಕು. ಮುಂಬಯಿ, ಚೆನ್ನೈಯಂತಹ ಕಡಲತೀರದ ನಗರಗಳಲ್ಲಿ ಮಳೆಗಾಲದಲ್ಲಿ ಲ್ಯಾಕರ್ ಸಿಂಪಡಿಸಿದರೆ, ಥಿನ್ನರ್ ಬೇಗನೆ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಮಬ್ಬಾಗುತ್ತದೆ. ಹೈದರಾಬಾದಿನ ಬೇಸಿಗೆಯಲ್ಲಿ ಬಣ್ಣದ ಹನಿ ಮೇಲ್ಮೈ ಮುಟ್ಟುವ ಮೊದಲೇ ಒಣಗಿ ಮರಳಿನಂತೆ ತರಿತರಿಯಾಗುತ್ತದೆ. ದೆಹಲಿಯ ಚಳಿಗಾಲದಲ್ಲಿ ಒಣಗುವುದೇ ನಿಧಾನ. ಮಳೆಯ ತಿಂಗಳುಗಳನ್ನು ಕತ್ತರಿಸುವ, ಜೋಡಿಸುವ, ಉಜ್ಜುವ ಕೆಲಸಕ್ಕೆ ಮೀಸಲಿಟ್ಟು, ಹವೆ ಒಣಗಿದ ಬಳಿಕ ಬಣ್ಣಕ್ಕೆ ಕೈಹಾಕುವುದು ಜಾಣತನ.

ಚಿಹ್ನೆ ಮತ್ತು ಸಂಖ್ಯೆ

ಬಣ್ಣ ಒಣಗಿದ ಮೇಲೆ ಮೈಗೆ ಪಾರದರ್ಶಕ ಹೊಳಪಿನ ಲೇಪನ ಕೊಟ್ಟು ಚಿಹ್ನೆಗಳನ್ನು ಅಂಟಿಸಬೇಕು. ಡಿಕಾಲ್ ಎಂದು ಕರೆಯುವ ಇವು ಕಾಗದದ ಮೇಲೆ ಅಚ್ಚಾದ ತೆಳುವಾದ ಪೊರೆಗಳು. ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಕಾಗದದಿಂದ ಜಾರಿಬರುತ್ತವೆ. ಮೇಲ್ಮೈ ಒರಟಾಗಿದ್ದರೆ ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಹೊಳಪಿನ ಲೇಪನ ಮೊದಲೇ ಬೇಕಾಗುವುದು ಇದಕ್ಕಾಗಿ. ಪೊರೆಯನ್ನು ಮೆದುಗೊಳಿಸುವ ದ್ರಾವಣವನ್ನು ಮೇಲೆ ಸವರಿದರೆ ಅದು ಗೆರೆಗಳೊಳಗೆ ಇಳಿದು, ಬಣ್ಣದಿಂದಲೇ ಬರೆದಂತೆ ಕಾಣುತ್ತದೆ.

ನಮ್ಮ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಬಳೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೂರೂ ವೃತ್ತಗಳ ಕೇಂದ್ರ ಒಂದೇ ಆಗಿರಬೇಕು. ಅಚ್ಚು ಸರಿದ ಡಿಕಾಲನ್ನು ಬಳಸದಿರುವುದೇ ಮೇಲು. ವಿಮಾನದ ಸಂಖ್ಯೆ ಸಿ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುತ್ತದೆ.

ಈ ಸಂಖ್ಯೆಯ ವಿಷಯದಲ್ಲಿ ಒಂದು ಮಾತು. ಕೈಗೆ ಸಿಕ್ಕ ಅಂಕಿಗಳನ್ನು ಅಂಟಿಸಿದರೂ ನೋಡುಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ತಿಳಿಯಲಿಕ್ಕಿಲ್ಲ. ಆದರೂ ಛಾಯಾಚಿತ್ರದ ಆಧಾರವಿರುವ ಒಂದು ನಿಜವಾದ ವಿಮಾನದ ಸಂಖ್ಯೆಯನ್ನೇ ಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಆ ಸಂಖ್ಯೆಯ ವಿಮಾನವನ್ನು ಯಾರೋ ಹಾರಿಸಿದ್ದಾರೆ, ಯಾರೋ ಅದರ ಎಂಜಿನ್ ಬಿಚ್ಚಿ ಜೋಡಿಸಿದ್ದಾರೆ. ಆ ಸಂಖ್ಯೆ ಹಾಕಿದ ಕ್ಷಣದಿಂದ ನಮ್ಮ ಪ್ರತಿಕೃತಿ ಒಂದು ದಾಖಲೆಯಾಗುತ್ತದೆ. ದಾಖಲೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು.

ದುಡಿದ ಗುರುತುಗಳು

ಕಾರ್ಖಾನೆಯಿಂದ ಆಗತಾನೆ ಹೊರಬಂದಂತೆ ಥಳಥಳಿಸುವ ವಿಮಾನ ಯುದ್ಧದ ವಿಮಾನದಂತೆ ಕಾಣುವುದಿಲ್ಲ. ಇದ್ದಿಲುಬಣ್ಣದ ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಬಹಳ ತೆಳುವಾಗಿ ಕದಡಿ ಗೆರೆಗಳ ಮೇಲೆ ತಾಗಿಸಿದರೆ ಅದು ಗೆರೆಯೊಳಗೆ ಓಡುತ್ತದೆ. ಹೆಚ್ಚಾದುದನ್ನು ಬಟ್ಟೆಯಿಂದ ಗಾಳಿ ಹರಿಯುವ ದಿಕ್ಕಿನಲ್ಲೇ ಒರೆಸಬೇಕು. ಇಂಧನ ತುಂಬುವ ಮುಚ್ಚಳದ ಬಳಿ ಒಂದು ಸೋರಿಕೆಯ ಗುರುತು, ಏಣಿ ಇಡುವ ಎಡಪಕ್ಕದಲ್ಲಿ ಬೂಟುಗಾಲಿನ ಸವಕಳಿ, ಗಾಲಿಗಳಿಗೆ ಒಂದಿಷ್ಟು ಧೂಳು. ಇಷ್ಟೇ ಸಾಕು. ವಾಯುಪಡೆಯ ನೆಲಸಿಬ್ಬಂದಿ ವಿಮಾನವನ್ನು ದಿನವೂ ಒರೆಸಿ ನೋಡಿಕೊಳ್ಳುತ್ತಿದ್ದರು. ಕೊಳೆಯನ್ನು ಅತಿಯಾಗಿ ಬಳಿದರೆ ಅವರ ದುಡಿಮೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಕೊನೆಯದಾಗಿ ಗಾಲಿಗಳು, ಫಿರಂಗಿ ಗೂಡು, ರಾಕೆಟ್ ಗೂಡುಗಳು, ಆಂಟೆನಾಗಳು. 57 ಮಿಲಿಮೀಟರ್ ವ್ಯಾಸದ ರಾಕೆಟ್ಟು 1/48ರಲ್ಲಿ ಬರೀ 1.2 ಮಿಲಿಮೀಟರ್, ಅಂತಹ ಹದಿನಾರು ರಂಧ್ರಗಳು ಒಂದು ಗೂಡಿನ ಮುಖದಲ್ಲಿವೆ. ಮೂಗಿನ ಸೂಜಿಕೊಳವೆಯನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸುವುದು ಕ್ಷೇಮ. ಪ್ಲಾಸ್ಟಿಕ್ಕಿನದು ಕೈ ತಗುಲಿ ಬೇಗ ಮುರಿಯುತ್ತದೆಯಾದ್ದರಿಂದ ಅನೇಕರು ಸಣ್ಣ ಹಿತ್ತಾಳೆಯ ಕೊಳವೆಯನ್ನು ಬಳಸುತ್ತಾರೆ.

ಬಿಳಿಯ ಗೆರೆಯ ಅರ್ಥ

ಉಪಕರಣ ಫಲಕದ ನಡುವಿನ ಬಿಳಿಯ ಗೆರೆಯನ್ನು ಮೇಲೆ ಪ್ರಸ್ತಾಪಿಸಿದ್ದೆವು. ವಿಮಾನ ಹತೋಟಿ ತಪ್ಪಿ ಬುಗುರಿಯಂತೆ ತಿರುಗುತ್ತ ಕೆಳಗೆ ಬೀಳತೊಡಗಿದಾಗ ಪೈಲಟ್ಟಿಗೆ ದಿಕ್ಕು ತೋಚುವುದಿಲ್ಲ. ಎಡಬಲಗಳ ಅರಿವೇ ತಪ್ಪುತ್ತದೆ. ಆಗ ಆತ ನಿಯಂತ್ರಣ ದಂಡವನ್ನು ಆ ಬಿಳಿಯ ಗೆರೆಯ ನೇರಕ್ಕೆ ತಂದು ಮುಂದಕ್ಕೆ ಒತ್ತಬೇಕು. ದಂಡ ನಟ್ಟನಡುವೆ ಇದೆ ಎಂಬುದಕ್ಕೆ ಆ ಹೊತ್ತಿನಲ್ಲಿ ಆತನಿಗಿರುವ ಆಧಾರ ಆ ಗೆರೆ. ಅದು ಅಲಂಕಾರವಲ್ಲ, ಪ್ರಾಣರಕ್ಷಣೆಯ ಗುರುತು.

ಎಲ್ಲರ ಪ್ರಾಣವೂ ಉಳಿಯಲಿಲ್ಲ. 2012ರಲ್ಲಿ ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿಯವರು ಸಂಸತ್ತಿಗೆ ನೀಡಿದ ಮಾಹಿತಿಯಂತೆ, ಅದುವರೆಗೆ ವಾಯುಪಡೆ ಪಡೆದಿದ್ದ 872 ಮಿಗ್ ವಿಮಾನಗಳಲ್ಲಿ 482 ಅಪಘಾತಗಳಿಗೆ ಈಡಾಗಿದ್ದವು. 171 ಪೈಲಟ್ಟುಗಳೂ 39 ಮಂದಿ ನಾಗರಿಕರೂ ಅವುಗಳಲ್ಲಿ ಅಸುನೀಗಿದ್ದರು. ಇವು ಎಲ್ಲ ಬಗೆಯ ಮಿಗ್‌ಗಳಿಗೂ ಸೇರಿದ ಅಂಕಿಗಳು. ಹೊಗಳಿಕೆ ಮತ್ತು ದೂರು ಎರಡಕ್ಕೂ ಪಾತ್ರವಾದ ಈ ವಿಮಾನ ಯುದ್ಧಗಳಲ್ಲಿ ದೇಶದ ಆಗಸವನ್ನು ಕಾಯಿತು. ಶಾಂತಿಕಾಲದಲ್ಲಿ ಅನೇಕ ಮನೆಗಳ ಮಕ್ಕಳನ್ನು ಕಳೆಯಿತು. ಎರಡೂ ಸತ್ಯ. ಪ್ರತಿಕೃತಿ ಮಾಡುವವನು ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಒಡಲನ್ನು ಮುಚ್ಚಿ, ಗಾಜಿನ ಮುಚ್ಚಳ ಅಂಟಿಸಿದ ಬಳಿಕ ಆ ಬಿಳಿಯ ಗೆರೆ ಹೊರಗಿನವರ ಕಣ್ಣಿಗೆ ಬೀಳುವುದು ಕಷ್ಟ. ಹಾಗಾದರೆ ಅಷ್ಟು ಶ್ರಮಪಟ್ಟು ಅದನ್ನು ಎಳೆಯುವುದೇಕೆಂದು ಕೇಳುವವರಿದ್ದಾರೆ. ಆ ಗೆರೆಯನ್ನು ನಂಬಿ ಕುಳಿತವರು ಇದ್ದರು ಎಂಬುದೇ ನಮ್ಮ ಉತ್ತರ. ಆಸಕ್ತರು 1/72ರ ಒಂದು ಸಾಧಾರಣ ಕಿಟ್ಟಿನಿಂದ ಆರಂಭಿಸಲಿ, ಆತುರಪಡದಿರಲಿ. ವಾರಕ್ಕೆ ಒಂದು ರವಿವಾರದ ಮಧ್ಯಾಹ್ನ ಸಾಕು. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಶಂಕು ಹಸಿರೇಕೆ, ಬಾಲ ಕಂದೇಕೆ, ನಡುವೆ ಬಿಳಿಯ ಗೆರೆಯೇಕೆ ಎಂದು ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೋದರೆ, ಹಾರಾಟ ನಿಲ್ಲಿಸಿದ ವಿಮಾನವೊಂದರ ಕಥೆ ಮತ್ತೊಂದು ತಲೆಮಾರಿಗೆ ತಲುಪುತ್ತದೆ.